ಗಲ್ಫಿನ ಚಿನ್ನ, ಊರಿನ ತಕ್ಕಡಿ: ಸರಾಫರಿಗೆ ನಿಮ್ಮ ಪ್ರಶ್ನೆಗಳು

ನಮಸ್ಕಾರ. ನಾನು ಉಡುಪಿಯಲ್ಲಿ ಸರಾಫ. ಬ್ಯಾಂಕಿಗೆ ಅಡವು ಇಡಲಿಕ್ಕೆ ಬರುವ ಚಿನ್ನಕ್ಕೆ ಒರೆ ಹಚ್ಚಿ, ತೂಗಿ, ಬೆಲೆ ಕಟ್ಟುವುದು ನನ್ನ ಕೆಲಸ. ಅದಕ್ಕೆ ಮೊದಲು ಹನ್ನೊಂದು ವರ್ಷ ದುಬೈಯ ದೇರಾದಲ್ಲಿ, ಸೂಕಿನ (ಚಿನ್ನದ ಪೇಟೆಯ) ಹಿಂದಿನ ಓಣಿಯೊಂದರಲ್ಲಿ ಕೂತು ಬಳೆಗೆ ಬೆಸುಗೆ ಹಾಕಿದವ. ಹಾಗಾಗಿ ಮಾರುವ ಮೇಜಿನ ಹಿಂದೆ ಎಂತ ನಡೆಯುತ್ತದೆ ಎಂದೂ ಗೊತ್ತು, ಅದೇ ಚಿನ್ನ ಐದು ವರ್ಷ ಕಳೆದು ಊರಿನ ತಕ್ಕಡಿಗೆ ಬಂದಾಗ ಎಂತ ಆಗುತ್ತದೆ ಎಂದೂ ಗೊತ್ತು. ಗಲ್ಫಿನಲ್ಲಿ ಇರುವ ನಮ್ಮ ಊರಿನವರ ಗುಂಪಿನಲ್ಲಿ ಈ ವಾರ ಬಂದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದಿದ್ದೇನೆ.

ಪ್ರಶ್ನೆ (ಅಬುಧಾಬಿಯಿಂದ, ಊರು ಬ್ರಹ್ಮಾವರ): ಅಣ್ಣಾ, ನವೆಂಬರಿನಲ್ಲಿ ತಂಗಿಯ ಮದುವೆ ಉಂಟು. ನಾಲ್ಕು ಪವನಿನ ಒಂದು ಸರ ಕೊಡಬೇಕು ಅಂತ ಆಸೆ. ಇಲ್ಲಿಂದ ತರುವುದಾ, ಊರಲ್ಲೇ ತೆಗೆಯುವುದಾ? ದುಬೈ ಚಿನ್ನ ಅಗ್ಗ ಅಂತ ಎಲ್ಲರೂ ಹೇಳ್ತಾರೆ. ನಾನು ಇಲ್ಲಿಗೆ ಬಂದು ಆರು ವರ್ಷ ಆಯ್ತು.

ಉತ್ತರ: ತಂಗಿ, ಆ ಮಾತು ಮೊದಲು ಹೆಚ್ಚು ನಿಜವಾಗಿತ್ತು. 2024ರ ಜುಲೈ ಬಜೆಟ್ಟಿನಲ್ಲಿ ನಮ್ಮ ದೇಶದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿದ ಮೇಲೆ ಎರಡು ಕಡೆಯ ರೇಟಿನ ನಡುವಿನ ಅಂತರ ತುಂಬ ಸಣ್ಣದಾಯಿತು. ಅಲ್ಲಿ 2018ರಿಂದ ಶೇ 5 ವ್ಯಾಟ್ ಬೇರೆ ಉಂಟು. ಇಲ್ಲಿ ಜಿಎಸ್‌ಟಿ ಶೇ 3.

ಈಗ ವ್ಯತ್ಯಾಸ ಇರುವುದು ಮಜೂರಿಯಲ್ಲಿ, ಅಂದರೆ ಆಭರಣ ಮಾಡಿದ ಕೂಲಿಯಲ್ಲಿ. ದುಬೈಯಲ್ಲಿ ದಿನದ ರೇಟು ಎಲ್ಲ ಅಂಗಡಿಗೂ ಒಂದೇ, ಅದರಲ್ಲಿ ಚೌಕಾಸಿಗೆ ಜಾಗ ಇಲ್ಲ. ಮಜೂರಿಯಲ್ಲಿ ಧಾರಾಳ ಉಂಟು, ನಾಚಿಕೆ ಬಿಟ್ಟು ಕೇಳಿ. ಮಿಷನಿನಲ್ಲಿ ನೇಯ್ದ ಚೈನಿಗೆ ಮಜೂರಿ ಕಡಿಮೆ, ಕೈಕೆಲಸದ ಹಾರಕ್ಕೆ ಜಾಸ್ತಿ. ಒಂದು ಅಂಗಡಿಯವರು ಗ್ರಾಂಗೆ ಇಷ್ಟು ದಿರ್ಹಮ್ ಅಂತ ಹೇಳ್ತಾರೆ, ಊರಿನವರು ಶೇಕಡಾ ಲೆಕ್ಕ ಹೇಳ್ತಾರೆ, ಇನ್ನೊಬ್ಬರು ವೇಸ್ಟೇಜ್ (ಕೆಲಸದಲ್ಲಿ ಸವೆದ ಚಿನ್ನದ ಲೆಕ್ಕ) ಬೇರೆ ಮಜೂರಿ ಬೇರೆ ಹಾಕ್ತಾರೆ. ಎಲ್ಲ ಕೇಳಿ ತಲೆ ತಿರುಗುತ್ತದೆ. ಅದಕ್ಕೆ ನಾನು ಎಲ್ಲರಿಗೂ ಹೇಳುವ ಲೆಕ್ಕ ಒಂದೇ: ರೇಟು ಎಷ್ಟು ಎಂದು ಕೇಳಬೇಡಿ. ತೆರಿಗೆ ಎಲ್ಲ ಸೇರಿ ನನ್ನ ಕೈಯಿಂದ ಹೋಗುವ ದುಡ್ಡು ಒಟ್ಟು ಎಷ್ಟು ಎಂದು ಕೇಳಿ, ಅದನ್ನು ಚಿನ್ನದ ನಿವ್ವಳ ತೂಕದಿಂದ ಭಾಗಿಸಿ. ಊರಿನ ಅಂಗಡಿಯಿಂದಲೂ ಅಂಥದ್ದೇ ಸರಕ್ಕೆ ಒಟ್ಟು ಮೊತ್ತ ತರಿಸಿ ಹಾಗೆಯೇ ಭಾಗಿಸಿ. ಎರಡನ್ನೂ ರೂಪಾಯಿಗೆ ತಂದರೆ ಯಾವುದು ಅಗ್ಗ ಎಂದು ಕಾಗದದ ಮೇಲೆ ಕಾಣುತ್ತದೆ.

ಅದೇ ಲೆಕ್ಕವನ್ನು ಮಾರುವ ಕಡೆಯಿಂದಲೂ ಮಾಡಿ ನೋಡಿ. ಸುಲಭಕ್ಕೆ ಗ್ರಾಂಗೆ 10,000 ರೂಪಾಯಿ ಹಿಡಿಯೋಣ. ನಾಲ್ಕು ಪವನು ಅಂದರೆ 32 ಗ್ರಾಂ, ಚಿನ್ನ 3,20,000. ಮಜೂರಿ ಶೇ 12 ಆದರೆ 38,400. ಅದರ ಮೇಲೆ ಜಿಎಸ್‌ಟಿ 10,752. ಕೊಟ್ಟದ್ದು 3,69,152. ಮರುದಿನವೇ ಮಾರಲಿಕ್ಕೆ ಹೋದರೆ, ಶೇ 2 ಕಡಿತ ಹಾಕಿ 3,13,600 ಕೈಗೆ ಬರುತ್ತದೆ. ಒಂದೇ ರಾತ್ರಿಯಲ್ಲಿ 55,552 ಹೋಯಿತು. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಚಿನ್ನದ ರೇಟು ಶೇ 18ರ ಹತ್ತಿರ ಏರಬೇಕು. ತಂಗಿ ತೊಡಲಿಕ್ಕೆ ಕೊಡುವ ಸರಕ್ಕೆ ಇದು ನಷ್ಟ ಅಲ್ಲ, ಕೈಕೆಲಸಕ್ಕೆ ಕೊಟ್ಟ ಬೆಲೆ. ಉಳಿತಾಯ ಎಂದುಕೊಂಡು ನೆಕ್ಲೇಸ್ ತೆಗೆದವರಿಗೆ ಮಾತ್ರ ಹೊಟ್ಟೆ ಉರಿಯುತ್ತದೆ.

ಅವರದ್ದೇ ಮರುಪ್ರಶ್ನೆ: ಅಮ್ಮ ಮುಂದಿನ ತಿಂಗಳು ವಿಸಿಟ್ ವೀಸಾದಲ್ಲಿ ಬರ್ತಾರೆ. ಅವರ ಪಾಸ್‌ಪೋರ್ಟಿನಲ್ಲಿ ತೆಗೆದರೆ ವ್ಯಾಟ್ ವಾಪಸ್ ಸಿಗ್ತದಂತೆ, ಹೌದಾ?

ಉತ್ತರ: ಹೌದು. ಪ್ರವಾಸಿಯಾಗಿ ಬಂದವರಿಗೆ ಕಟ್ಟಿದ ವ್ಯಾಟಿನ ಶೇ 85 ಭಾಗ ವಾಪಸ್ ಸಿಗುತ್ತದೆ, ಅದರಲ್ಲಿ ಸಣ್ಣ ಶುಲ್ಕ ಕಳೆಯುತ್ತಾರೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಮಾಡಿಸಬೇಕು, ವಿಮಾನ ನಿಲ್ದಾಣದಲ್ಲಿ ಚಿನ್ನ ಮತ್ತು ಬಿಲ್ ಎರಡೂ ಕೈಯಲ್ಲಿ ಇರಬೇಕು. ಅಲ್ಲಿಯ ವಾಸದ ವೀಸಾ ಇರುವ ನಿಮಗೆ ಇದು ಸಿಗುವುದಿಲ್ಲ.

ಆದರೆ ಇಲ್ಲಿ ಒಂದು ತೊಡಕು ಉಂಟು, ತುಂಬ ಜನ ಎಡವುವುದು ಇಲ್ಲಿಯೇ. ಬಜ್ಪೆಯಲ್ಲಿ (ಮಂಗಳೂರು ವಿಮಾನ ನಿಲ್ದಾಣ) ಇಳಿದಾಗ ಆಭರಣಕ್ಕೆ ಸಿಗುವ ವಿಶೇಷ ಸುಂಕ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ವಾಸ ಇದ್ದವರಿಗೆ ಮಾತ್ರ. ಅದು ನಿಮಗೆ ಉಂಟು, ತಿಂಗಳ ಮಟ್ಟಿಗೆ ಬಂದ ಅಮ್ಮನಿಗೆ ಇಲ್ಲ. ವ್ಯಾಟ್ ಉಳಿಸಲಿಕ್ಕೆ ಹೋಗಿ ಇಲ್ಲಿ ಸುಂಕ ಕಟ್ಟುವ ಹಾಗೆ ಆಗಬಾರದು.

ಪ್ರಶ್ನೆ (ಕುವೈತ್‌ನಿಂದ, ಊರು ಕಾಪು): ಸರಾಫರೇ, ಹೆಂಡತಿಗೆ ಇಲ್ಲಿ ತೆಗೆದ ಎರಡು ಬಳೆಯನ್ನು ರಜೆಯಲ್ಲಿ ಊರಿನ ಅಂಗಡಿಗೆ ತೋರಿಸಿದೆ. "ಇದು ಕಡಿಮೆ ಟಚ್ಚಿನ ಚಿನ್ನ" ಅಂದರು. ನನಗೆ ಕುವೈತಿನವ ಮೋಸ ಮಾಡಿದನಾ?

ಉತ್ತರ: ಟಚ್ ಅಂದರೆ ಚಿನ್ನದ ಶುದ್ಧತೆ. ಬಳೆಯ ಒಳಬದಿ ಭೂತಗನ್ನಡಿಯಲ್ಲಿ ನೋಡಿ. 875 ಎಂದು ಇದ್ದರೆ ಅದು 21 ಕ್ಯಾರೆಟ್. ಅರಬ್ಬರ ನಡುವೆ ಹೆಚ್ಚು ನಡೆಯುವುದು ಅದೇ, ಅಲ್ಲಿ ಯಾರೂ ಅದನ್ನು ಕಳಪೆ ಎನ್ನುವುದಿಲ್ಲ. ನಮಗೆ ಅಭ್ಯಾಸ 916, ಅಂದರೆ 22 ಕ್ಯಾರೆಟ್. ಮೋಸ ಅಲ್ಲ, ನೀವು ಕೇಳಲಿಲ್ಲ, ಅವರು ಹೇಳಲಿಲ್ಲ.

ನಮ್ಮ ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಹಾಲ್‌ಮಾರ್ಕಿನ ದರ್ಜೆಗಳಲ್ಲಿ 14, 18, 20, 22, 23, 24 ಎಲ್ಲ ಉಂಟು, 21 ಇಲ್ಲ. ಹಾಗಾಗಿ ಇಲ್ಲಿಯ ಅಂಗಡಿಯವ ಆ ಬಳೆಯನ್ನು ಹಾಲ್‌ಮಾರ್ಕ್ ಹಾಕಿಸಿ ಇನ್ನೊಬ್ಬರಿಗೆ ಮಾರುವ ಹಾಗಿಲ್ಲ, ಕರಗಿಸಲೇಬೇಕು. ಅದಕ್ಕೇ ಅವನ ಮುಖ ಸಣ್ಣದಾದದ್ದು. ಮಾರುವ ಮನಸ್ಸಿದ್ದರೆ ಬಿಲ್ ಸಮೇತ ಕುವೈತಿನ ಅದೇ ಅಂಗಡಿಗೆ ಕೊಡಿ, ಒಳ್ಳೆಯ ಬೆಲೆ ಸಿಗುವುದು ಅಲ್ಲಿಯೇ. ಹೆಂಡತಿ ಇಷ್ಟಪಟ್ಟು ತೊಡುತ್ತಿದ್ದರೆ ತೊಡಲಿ ಬಿಡಿ. 21 ಕ್ಯಾರೆಟ್ ಸ್ವಲ್ಪ ಗಟ್ಟಿ, ಬಳೆ ಬೇಗ ಸೊಟ್ಟ ಆಗುವುದಿಲ್ಲ.

ಪ್ರಶ್ನೆ (ಮಸ್ಕತ್‌ನಿಂದ, ಊರು ಸುರತ್ಕಲ್): ಹರಳಿನ ನೆಕ್ಲೇಸ್, ಕರಿಮಣಿ ಇಂಥದ್ದನ್ನು ತೂಗುವಾಗ ಹರಳು, ಮಣಿಯ ತೂಕ ಕಳೆಯುತ್ತಾರಾ ಅಣ್ಣಾ?

ಉತ್ತರ: ಕಳೆಯಬೇಕು. ಕಳೆದದ್ದು ಬಿಲ್ಲಿನಲ್ಲಿ ಕಾಣಬೇಕು.

ಕಳೆದ ಮಳೆಗಾಲದಲ್ಲಿ ಗಲ್ಫಿನಿಂದ ರಜೆಗೆ ಬಂದಿದ್ದ ಅಕ್ಕ ಒಬ್ಬರು ಕರಿಮಣಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಕುತ್ತಿಗೆಯಲ್ಲಿ ಅದರ ಬದಲಿಗೆ ಅರಿಶಿನ ದಾರ ಕಟ್ಟಿಕೊಂಡು ಬಂದಿದ್ದರು. ಬಿಲ್ಲಿನಲ್ಲಿ ಒಂದೇ ಸಾಲು: 22 ಕ್ಯಾರೆಟ್, 24.300 ಗ್ರಾಂ. ಅವರನ್ನು ಕೇಳಿ, ಅವರ ಎದುರಿಗೇ ಸರಿಗೆ ಬಿಡಿಸಿದೆ. ಕಪ್ಪು ಮಣಿಗಳನ್ನು ಬಿಳಿ ಕಾಗದದ ಮೇಲೆ ಉದುರಿಸಿ ಬೇರೆಯಾಗಿ ತೂಗಿದೆ. 5.100 ಗ್ರಾಂ. ಚಿನ್ನ ಇದ್ದದ್ದು 19.200. ಐದು ಗ್ರಾಂ ಗಾಜಿಗೆ ಚಿನ್ನದ ದುಡ್ಡು ಕೊಟ್ಟಿದ್ದರು, ಅದರ ಮೇಲೆ ಮಜೂರಿಯನ್ನೂ ಕೊಟ್ಟಿದ್ದರು. ಅವರು ಏನೂ ಮಾತಾಡಲಿಲ್ಲ. ಮಣಿಗಳನ್ನು ಕಾಗದದಲ್ಲಿ ಮಡಚಿ ಕೊಟ್ಟೆ, ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರು. ಮತ್ತೆ ಪೋಣಿಸಿ ಕೊಟ್ಟೆ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಕ್ಕೆ ಮನಸ್ಸು ಬರಲಿಲ್ಲ.

ಹಾಗಾಗಿ ಬಿಲ್ಲಿನಲ್ಲಿ ಮೂರು ತೂಕ ಕೇಳಿ: ಒಟ್ಟು ತೂಕ, ಹರಳು ಅಥವಾ ಮಣಿಯ ತೂಕ, ಚಿನ್ನದ ನಿವ್ವಳ ತೂಕ. ಬರೆದು ಕೊಡಲಿಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ, ಪಕ್ಕದ ಅಂಗಡಿಯಲ್ಲಿಯೂ ಕರಿಮಣಿ ಉಂಟು. ಆಂಟಿಕ್ ಎಂದು ಹೇಳಿ ಮಾರುವ ಕೆಲವು ಹಾರಗಳ ಒಳಗೆ ಅರಗು ತುಂಬಿರುತ್ತದೆ, ಅದನ್ನೂ ಕೇಳಿ. ಮಾರುವಾಗ ಅರಗು ಕರಗಿ ಹೋಗುತ್ತದೆ, ಅದರ ದುಡ್ಡು ಯಾರೂ ಕೊಡುವುದಿಲ್ಲ.

ಪ್ರಶ್ನೆ (ದೋಹಾದಿಂದ, ಊರು ಮೂಡುಬಿದಿರೆ): ಊರಿಗೆ ಎಷ್ಟು ಗ್ರಾಂ ತರಬಹುದು? ಮತ್ತೆ, ಮದುವೆಯ ಚಿನ್ನ ಹಾಕಿಕೊಂಡು ಬಂದದ್ದು ವಾಪಸ್ ತರುವಾಗ ತೊಂದರೆ ಆಗ್ತದಾ?

ಉತ್ತರ: ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ಇದ್ದವರಲ್ಲಿ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣ ಸುಂಕ ಇಲ್ಲದೆ ತರಲಿಕ್ಕೆ ಅವಕಾಶ. 2016ರ ಬ್ಯಾಗೇಜ್ ನಿಯಮದಲ್ಲಿ ತೂಕದ ಜೊತೆ ಬೆಲೆಯ ಮಿತಿಯನ್ನೂ ಬರೆದಿದ್ದರು, ಹೆಂಗಸರಿಗೆ ಒಂದು ಲಕ್ಷ, ಗಂಡಸರಿಗೆ ಐವತ್ತು ಸಾವಿರ. ಚಿನ್ನ ಈ ಮಟ್ಟಕ್ಕೆ ಏರಿದ ಮೇಲೆ ಐವತ್ತು ಸಾವಿರಕ್ಕೆ ಒಂದು ಪವನೂ ಬರುವುದಿಲ್ಲ. 2026ರ ಹೊಸ ನಿಯಮದಲ್ಲಿ ಆ ಬೆಲೆಯ ಮಿತಿ ಹೋಯಿತು, ತೂಕದ ಮಿತಿ ಮಾತ್ರ ಉಳಿಯಿತು. ಈ ನಿಯಮಗಳು ಬದಲಾಗುವಂಥವು, ಟಿಕೆಟ್ ಮಾಡುವ ವಾರ ಕಸ್ಟಮ್ಸ್‌ನವರ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ. ಈ ರಿಯಾಯಿತಿ ಆಭರಣಕ್ಕೆ ಮಾತ್ರ. ನಾಣ್ಯ, ಬಿಸ್ಕೆಟ್ ಒಂದೇ ಗ್ರಾಂ ಇದ್ದರೂ ಕಸ್ಟಮ್ಸ್‌ನ ರೆಡ್ ಚಾನೆಲಿನಲ್ಲಿ (ಸುಂಕದ ವಸ್ತು ಇರುವವರು ಹೋಗುವ ದಾರಿ) ಹೋಗಿ ಹೇಳಬೇಕು.

ಮದುವೆಯ ಚಿನ್ನದ ವಿಷಯ ಬಹಳ ಮುಖ್ಯ. ಊರಿಂದ ಹೊರಡುವಾಗಲೇ ಬಜ್ಪೆಯಲ್ಲಿ ಕಸ್ಟಮ್ಸ್ ಅಧಿಕಾರಿಗಳ ಹತ್ತಿರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಿಲ್, ಆಭರಣದ ಫೋಟೋ, ತೂಕ ಬರೆದ ಚೀಟಿ ಜೊತೆಗೆ ಇರಲಿ, ಒಂದು ಗಂಟೆ ಮೊದಲೇ ಹೋಗಿ. ಆ ಕಾಗದ ಇದ್ದರೆ ವಾಪಸ್ ಬರುವಾಗ ಅದು ನಿಮ್ಮದೇ ಹಳೆಯ ಚಿನ್ನ ಎನ್ನುವುದಕ್ಕೆ ಬೇರೆ ಮಾತು ಬೇಡ. ನೀವು ಈಗಾಗಲೇ ಕಾಗದ ಇಲ್ಲದೆ ಹೋಗಿದ್ದರೆ ಮದುವೆಯ ಹಳೆಯ ಬಿಲ್ಲನ್ನು, ಆ ಆಭರಣ ತೊಟ್ಟ ಮದುವೆಯ ಫೋಟೋಗಳನ್ನು ಮೊಬೈಲಿನಲ್ಲಿ ತರಿಸಿ ಇಟ್ಟುಕೊಳ್ಳಿ.

ಪ್ರಶ್ನೆ (ದಮ್ಮಾಮ್‌ನಿಂದ): ರೂಮಿನ ಪರಿಚಯದವರು ಒಂದು ಚೈನು ಕೊಟ್ಟು "ಮಂಗಳೂರಲ್ಲಿ ಒಬ್ಬ ಬಂದು ತೆಗೆದುಕೊಳ್ತಾನೆ, ಟಿಕೆಟಿನ ದುಡ್ಡು ಕೊಡ್ತೇವೆ" ಅಂತಿದ್ದಾರೆ.

ಉತ್ತರ: ಬೇಡ ತಮ್ಮಾ. ಯಾರ ಚಿನ್ನ ಎಂದು ಕಸ್ಟಮ್ಸ್‌ನವರು ಕೇಳುವುದು ಯಾರ ಕುತ್ತಿಗೆಯಲ್ಲಿ ಉಂಟೋ ಅವರನ್ನು. ಚಿನ್ನ ಜಪ್ತಿ ಆಗುತ್ತದೆ, ಕೇಸು ನಿನ್ನ ಹೆಸರಿನಲ್ಲಿ, ಪಾಸ್‌ಪೋರ್ಟು ನಿನ್ನದು. ಕೊಟ್ಟವರು ಆಮೇಲೆ ಆ ಚಿನ್ನದ ದುಡ್ಡನ್ನು ನಿನ್ನ ಮನೆಯವರ ಹತ್ತಿರ ಕೇಳಲಿಕ್ಕೆ ಬರುತ್ತಾರೆ. ಇವತ್ತೇ ಚೈನು ವಾಪಸ್ ಕೊಡು.

ಪ್ರಶ್ನೆ (ಬಹರೈನ್‌ನಿಂದ, ಊರು ಮಂಗಳೂರು): ತೀರಿಕೊಂಡ ಅಮ್ಮನ ಹಳೆಯ ಚಿನ್ನ ಸುಮಾರು 60 ಗ್ರಾಂ ಊರಲ್ಲಿ ಉಂಟು. ಮಾರಿ ಮನೆಯ ಮಾಡು ರಿಪೇರಿ ಮಾಡಿಸಬೇಕು. ಬಳೆಯಲ್ಲಿ ಕೆಡಿಎಂ ಅಂತ ಇದೆ. ನಾನು ಹದಿನೈದು ದಿನ ಮಾತ್ರ ಊರಲ್ಲಿ ಇರುವುದು.

ಉತ್ತರ: ಕೆಡಿಎಂ ಎಂದರೆ ಶುದ್ಧತೆ ಅಲ್ಲ, ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದಾರೆ ಎಂದು ಮಾತ್ರ ಅರ್ಥ. ಅದರ ಹೊಗೆ ಆಚಾರಿಗಳ ಎದೆಗೆ ವಿಷ, ಈಗ ಅದು ಇಲ್ಲ. ಬಳೆಯಲ್ಲಿ ಚಿನ್ನ ಎಷ್ಟು ಎಂದು ಬೇರೆಯೇ ನೋಡಬೇಕು.

ಬಂದ ಮೊದಲ ದಿನ ಅಂಗಡಿಗೆ ಹೋಗಬೇಡಿ, ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ. ನಾಲ್ಕು ಆಭರಣದವರೆಗೆ ಪರೀಕ್ಷೆಗೆ 200 ರೂಪಾಯಿ ಮತ್ತು ತೆರಿಗೆ. ಆ ವರದಿ ಕೈಯಲ್ಲಿ ಹಿಡಿದು ಎರಡು ಮೂರು ಅಂಗಡಿ ಸುತ್ತಿ. ಕೇಳಬೇಕಾದದ್ದು ಒಂದೇ ಮಾತು: ಇವತ್ತಿನ ರೇಟಿನಿಂದ ಎಷ್ಟು ಕಡಿತ, ಬದಲಿ ಚಿನ್ನ ಬೇಡ, ದುಡ್ಡೇ ಬೇಕು. ಬದಲಿ ಚಿನ್ನ ತೆಗೆದರೆ ಕಡಿತ ಇಲ್ಲ ಎಂದು ಆಸೆ ತೋರಿಸುತ್ತಾರೆ. ಬದಲಿ ತೆಗೆದರೆ ಹೊಸ ಮಜೂರಿಯಲ್ಲಿ ಅದು ಅವರಿಗೆ ವಾಪಸ್ ಬಂತು.

ಬೆಲೆ ಒಪ್ಪಿಗೆ ಆಗುವ ಮೊದಲು ಕರಗಿಸಲಿಕ್ಕೆ ಕೊಡಬೇಡಿ. ಕರಗಿದ ಮೇಲೆ ಅಮ್ಮನ ಬಳೆ ಅಲ್ಲ, ಬೆರಳು ಗಾತ್ರದ ಒಂದು ಗಟ್ಟಿ. ಅದನ್ನು ಹಿಡಿದುಕೊಂಡು ಇನ್ನೊಂದು ಅಂಗಡಿಗೆ ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ. ಕರಗಿಸುವಾಗ ಎದುರಿಗೆ ನಿಂತು, ಹಿಂದಿನ ಮತ್ತು ಮುಂದಿನ ತೂಕ ಎರಡನ್ನೂ ಬರೆದುಕೊಳ್ಳಿ. ಹಳೆಯ ಆಭರಣದ ಬೆಸುಗೆಯಲ್ಲಿ ತಾಮ್ರ ಇರುವ ಕಾರಣ ಟಚ್ ಸ್ವಲ್ಪ ಇಳಿಯುವುದು ಸಹಜ.

ದುಡ್ಡು ನಗದಿನಲ್ಲಿ ತೆಗೆದುಕೊಳ್ಳಬೇಡಿ. ಎರಡು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದು ಕಾನೂನಿಗೆ ವಿರುದ್ಧ. ನಿಮ್ಮ ಎನ್‌ಆರ್‌ಒ ಖಾತೆಗೆ (ಹೊರಗೆ ಇರುವವರ ಊರಿನ ದುಡ್ಡಿಗೆ ಇರುವ ಖಾತೆ) ಹಾಕಿಸಿ. ಲಾಭದ ಮೇಲೆ ತೆರಿಗೆ ಉಂಟು: ಅಮ್ಮ ಇಟ್ಟುಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ, 24 ತಿಂಗಳು ದಾಟಿದ್ದಕ್ಕೆ ಶೇ 12.5. ಅಮ್ಮ 2001ಕ್ಕಿಂತ ಮೊದಲು ತೆಗೆದದ್ದಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಕೊಂಡ ಬೆಲೆ ಎಂದು ಹಿಡಿಯಬಹುದು, ನಿಮ್ಮ ಸಿಎಗೆ ಹೇಳಿ. ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರ ಒಪ್ಪಿಗೆ ಒಂದು ಕಾಗದದಲ್ಲಿ ಬರಲಿ. ಸಾಧ್ಯವಾದರೆ ಒಂದು ಬಳೆ ಉಳಿಸಿಕೊಳ್ಳಿ. ಕೇಳದೆ ಹೇಳಿದೆ, ಕ್ಷಮಿಸಿ. ಎಲ್ಲ ಮಾರಿ ಆಮೇಲೆ ನನ್ನ ಎದುರು ಅತ್ತವರನ್ನು ನೋಡಿದ್ದೇನೆ.

ಪ್ರಶ್ನೆ (ಶಾರ್ಜಾದಿಂದ): ತಿಂಗಳಿಗೆ ಸ್ವಲ್ಪ ಸ್ವಲ್ಪ ಚಿನ್ನದಲ್ಲಿ ಉಳಿಸುವ ಆಸೆ. ಎಂತ ತೆಗೆಯಲಿ?

ಉತ್ತರ: 24 ಕ್ಯಾರೆಟಿನ ನಾಣ್ಯ ಅಥವಾ ಸಣ್ಣ ಬಾರ್. ಹೂಡಿಕೆಯ ಶುದ್ಧ ಚಿನ್ನಕ್ಕೆ ಅಲ್ಲಿ ವ್ಯಾಟ್ ಇಲ್ಲ, ಮಜೂರಿ ತೀರ ಕಡಿಮೆ. ಮೊಹರು ಹಾಕಿದ ಪ್ಯಾಕೆಟ್ ಒಡೆಯಬೇಡಿ, ಬಿಲ್ ಜೊತೆಗೇ ಇಡಿ. ಊರಿಗೆ ಬಿಟ್ಟು ಬರುವ ಕಾಲಕ್ಕೆ ಅದನ್ನು ಅಲ್ಲೇ ಮಾರಿ ದುಡ್ಡನ್ನು ಎನ್‌ಆರ್‌ಇ ಖಾತೆಗೆ (ಹೊರಗಿನ ದುಡಿಮೆಯ ದುಡ್ಡಿಗೆ ಇರುವ ಖಾತೆ) ಕಳಿಸಿ. ಇಲ್ಲಿಗೆ ತಂದರೆ ಸುಂಕ, ಮತ್ತೆ ನಮ್ಮ ಬ್ಯಾಂಕುಗಳು ನಾಣ್ಯ ಮಾರುತ್ತವೆಯೇ ಹೊರತು ವಾಪಸ್ ಕೊಳ್ಳುವುದಿಲ್ಲ.

ಅಬುಧಾಬಿಯ ತಂಗಿ, ಎರಡು ದಿನ ಬಿಟ್ಟು: ಅಣ್ಣಾ, ಭಾಗಿಸಿ ನೋಡಿದೆ. ಮಜೂರಿ ಎರಡು ಸಲ ಇಳಿಸಿದ ಮೇಲೆ ಗ್ರಾಂಗೆ ಇಲ್ಲಿ 340 ರೂಪಾಯಿ ಕಡಿಮೆ ಬರ್ತದೆ, ವ್ಯಾಟ್ ಸೇರಿಸಿ.

ಉತ್ತರ: 32 ಗ್ರಾಂಗೆ 10,880 ರೂಪಾಯಿ ಆಯಿತು. ಬಜ್ಪೆಯಲ್ಲಿ ಏನಾದರೂ ಸುಂಕ ಬೀಳುವುದಿದ್ದರೆ ಅದನ್ನೂ ಸೇರಿಸಿ ಇನ್ನೊಮ್ಮೆ ಭಾಗಿಸಿ. ಆಮೇಲೂ ಕಡಿಮೆ ಬಂದರೆ ಅಲ್ಲಿಂದಲೇ ತನ್ನಿ. ಬಿಲ್ಲಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರಲಿ. ದುಡ್ಡು ಕೊಡುವ ಮೊದಲು ಸರದ ಕೊಕ್ಕೆಯ ಮೇಲೂ 916 ಮೊಹರು ಉಂಟಾ ನೋಡಿ, ಎರಡು ಮೂರು ಸಲ ಹಾಕಿ ತೆಗೆದು ನೋಡಿ. ಮದುವೆಯ ದಿನ ಗಡಿಬಿಡಿಯಲ್ಲಿ ಕಳಚಿ ಬೀಳುವುದು ಯಾವಾಗಲೂ ಕೊಕ್ಕೆಯ ಹತ್ತಿರವೇ.