ಟಾರ್ಕ್ ರೆಂಚ್: ಅಗ್ಗದ್ದು ಸಾಕಾ, ದುಬಾರಿದೇ ಬೇಕಾ?

ಗ್ರೀಸ್‌ಕೈ: ಕಾರು ಬೈಕು ಎರಡಕ್ಕೂ ಮನೇಲೇ ಸರ್ವಿಸ್ ಮಾಡ್ಕೊಳ್ತೀನಿ, ವೀಲ್ ನಟ್, ಡ್ರೈನ್ ಪ್ಲಗ್ (ಆಯಿಲ್ ಇಳಿಸೋ ಬೋಲ್ಟ್), ಬ್ರೇಕ್ ಕ್ಯಾಲಿಪರ್ ಅಷ್ಟೇ, ಇಂಜಿನ್ ಬಿಚ್ಚೋ ಹುಚ್ಚಿಲ್ಲ. ನಟ್ ಬೋಲ್ಟನ್ನ ಅಳತೆ ಪ್ರಕಾರ ಬಿಗಿಯೋಕೆ ಟಾರ್ಕ್ ರೆಂಚ್ ತಗೋಬೇಕು. ಅಗ್ಗದ್ದು ಮಾರೋನೂ ತಪ್ಪು ±4% ಒಳಗೆ ಅಂತಾನೆ, ಐದು ಪಟ್ಟು ದುಡ್ಡು ಕೇಳೋನೂ ±4% ಅಂತಾನೆ. ಮತ್ತೆ ಆ ದುಡ್ಡು ಯಾತಕ್ಕೆ ಗುರೂ?

ಹಳೇಸ್ಪ್ಯಾನರ್: ರೇಟ್ ಆಮೇಲೆ, ಮೊದ್ಲು ರೇಂಜ್ ನೋಡಿ. ಕ್ಲಿಕ್ ರೆಂಚ್ (ಇಟ್ಟ ಟಾರ್ಕ್ ಬಂದಾಗ ಕ್ಲಿಕ್ ಅನ್ನೋದು) ತನ್ನ ಮ್ಯಾಕ್ಸಿಮಮ್‌ನ 20% ಕೆಳಗೆ ನಂಬೋಕಾಗಲ್ಲ. 200 ಎನ್‌ಎಂ (ನ್ಯೂಟನ್ ಮೀಟರ್, ಟಾರ್ಕಿನ ಅಳತೆ) ವರೆಗಿಂದು ತಗೊಂಡ್ರೆ 40ರ ಕೆಳಗೆಲ್ಲಾ ಬರೀ ಅಂದಾಜು, ಡ್ರೈನ್ ಪ್ಲಗ್ ಎಷ್ಟೋ ಗಾಡೀಲಿ 25-30 ಇರುತ್ತೆ. ಒಂದು ದುಬಾರಿದಕ್ಕಿಂತ ಎರಡು ಸೈಜ್ ಅಗ್ಗದ್ದು ವಾಸಿ.

ಬೋಲ್ಟುಬಸಪ್ಪ: ಅರ್ಧ ಒಪ್ತೀನಿ. ದೊಡ್ಡದು ಅಗ್ಗದ್ದೇ ಇರ್ಲಿ, ವೀಲ್ ನಟ್ 110 ಬದ್ಲು 115 ಆದ್ರೆ ಏನೂ ಮುಳುಗಲ್ಲ. ಆದ್ರೆ ಚಿಕ್ಕದ್ರಲ್ಲಿ ಜಿಪುಣತನ ಬೇಡ, ಬೈಕಿನ ಎಂ6 (6 ಮಿಮೀ ದಪ್ಪದ) ಬೋಲ್ಟಿಗೆ 10 ಎನ್‌ಎಂ ಇಟ್ಟಾಗ ಅಗ್ಗದ್ರಲ್ಲಿ ಕ್ಲಿಕ್ ಆಗಿದ್ದೇ ಕೈಗೆ ಗೊತ್ತಾಗಲ್ಲ, ಇನ್ನೂ ಆಗಿಲ್ಲ ಅಂತ ಎಳೀತಾ ಹೋಗ್ತೀರಾ, ಅಲ್ಯೂಮಿನಿಯಂ ಥ್ರೆಡ್ ಕಿತ್ಕೊಂಡು ಬರುತ್ತೆ. ದುಡ್ಡು ಕೊಡೋದು ಆ ಸ್ಪಷ್ಟ ಕ್ಲಿಕ್ಕಿಗೆ, ಅಲ್ಲಾಡದ ಲಾಕಿಗೆ, ಮತ್ತೆ ಹಾಳಾದ್ರೆ ರಿಪೇರಿ, ಕ್ಯಾಲಿಬ್ರೇಶನ್ ಮಾಡಿಸ್ಬಹುದು ಅನ್ನೋದಕ್ಕೆ.

ಗ್ರೀಸ್‌ಕೈ: ಅಗ್ಗದ್ದು ಸರಿ ತೋರಿಸ್ತಿದೆಯಾ ಅಂತ ಮನೇಲಿ ಚೆಕ್ ಮಾಡೋದು ಹೆಂಗೆ?

ಬೋಲ್ಟುಬಸಪ್ಪ: ಸ್ಕ್ವೇರ್ ಡ್ರೈವನ್ನ ವೈಸಿಗೆ ಕಚ್ಚಿಸಿ, ರೆಂಚ್ ಅಡ್ಡಕ್ಕೆ ನೆಟ್ಟಗಿರ್ಲಿ. ಡ್ರೈವಿನ ನಡುವಿಂದ ಸರಿಯಾಗಿ ಅರ್ಧ ಮೀಟರಿಗೆ 10 ಕೆಜಿ ನೇತಾಕಿದ್ರೆ 49 ಎನ್‌ಎಂ, ರೆಂಚಿನ ಸ್ವಂತ ತೂಕ ಸ್ವಲ್ಪ ಸೇರುತ್ತೆ. ಹಿಡಿ ಅಷ್ಟು ಉದ್ದ ಇಲ್ದಿದ್ರೆ ಇರೋ ಉದ್ದಕ್ಕೆ ಲೆಕ್ಕ ಹಾಕಿ. ಅರ್ಧ ಮೀಟರ್ ಆದ್ರೆ, 45ಕ್ಕೆ ಇಟ್ರೆ ಕ್ಲಿಕ್ ಆಗ್ಬೇಕು, 60ಕ್ಕೆ ಇಟ್ರೆ ಆಗ್ಬಾರ್ದು. ಒರಟು ಟೆಸ್ಟೇ, ಆದ್ರೆ ಪೂರ್ತಿ ಸುಳ್ಳು ಹೇಳೋ ರೆಂಚ್ ಇಲ್ಲೇ ಸಿಕ್ಬೀಳುತ್ತೆ.

ನಿಧಾನಸ್ಥ: ಇದೆಲ್ಲಾ ತಲೆನೋವೇ ಬೇಡ ಅಂದ್ರೆ ಮುಳ್ಳಿರೋ ಬೀಮ್ ಟೈಪ್ ತಗೊಳ್ಳಿ, ಒಳಗೆ ಸೆಟ್ ಮಾಡೋ ಸ್ಪ್ರಿಂಗೇ ಇಲ್ಲ, ಮುಳ್ಳು ಸೊನ್ನೇಲಿದ್ರೆ ಸಾಮಾನ್ಯವಾಗಿ ಸರಿ ಇದೆ ಅಂತ. ಸ್ಕೇಲನ್ನ ನೇರಕ್ಕೆ ನಿಂತು ಓದ್ಬೇಕು, ಗಾಡಿ ಕೆಳಗೆ ಮಲಗ್ಕೊಂಡು ಅದೇ ಕಷ್ಟ. ಇನ್ನೊಂದು, ±4% ಅಂತ ಜಗಳ ಆಡೋರೇ ಒಣ ಥ್ರೆಡ್ಡಿಗೆ ಹೇಳಿರೋ ಟಾರ್ಕ್ ನಂಬರ್ ಇಟ್ಕೊಂಡು ಬೋಲ್ಟಿಗೆ ಆಯಿಲ್ ಬಳೀತಾರೆ. ಟಾರ್ಕಿನ ಬಹುಪಾಲು ತಿನ್ನೋದು ಘರ್ಷಣೆ, ಅದು ಕಮ್ಮಿ ಆದ್ರೆ ಅದೇ ನಂಬರಿಗೆ ಬೋಲ್ಟ್ ಇನ್ನೂ ಜಾಸ್ತಿ ಎಳ್ಕೊಳ್ಳುತ್ತೆ. ರೆಂಚ್ ಎಷ್ಟು ದುಬಾರಿ ಇದ್ರೂ ಅಷ್ಟೇ ಕಥೆ.

ಗ್ರೀಸ್‌ಕೈ: ಸರಿ, ದೊಡ್ಡದು ಅಗ್ಗದ್ದು, ಚಿಕ್ಕದು ಒಳ್ಳೇದು. ಕೆಲಸ ಆದ್ಮೇಲೆ ಸೊನ್ನೆಗೆ ಇಳಿಸಿ ಇಡ್ಬೇಕಾ?

ಹಳೇಸ್ಪ್ಯಾನರ್: ಸ್ಕೇಲಲ್ಲಿರೋ ಅತಿ ಕಮ್ಮಿ ಗೆರೆಗೆ, ಅದಕ್ಕಿಂತ ಕೆಳಗೆ ಬಿಚ್ಬೇಡಿ. ತುಕ್ಕು ಹಿಡಿದ ನಟ್ ಬಿಚ್ಚೋಕೆ ಬೇರೆ ರಾಡ್ ಇಟ್ಕೊಳ್ಳಿ, ಇದನ್ನ ಮುಟ್ಬೇಡಿ.