ಸಹಾಯ ಬೇಕು: ಗಿಡ್ಡ ಮೈಕಟ್ಟಿಗೆ ಯಾವ ಶಾಟ್‌ಗನ್ ಸರಿ?

ಎಲ್ಲರಿಗೂ ನಮಸ್ಕಾರ. ಹಾರುವ ಕ್ಲೇ ಗುರಿಗಳಿಗೆ (ಗಾಳಿಗೆ ಎಸೆಯುವ ಬಿಲ್ಲೆಗಳಿಗೆ) ಹೊಡೆಯುವುದನ್ನು ಕಲಿಯುತ್ತಿದ್ದೇನೆ. ನನ್ನ ಎತ್ತರ ಐದಡಿ, ತೋಳೂ ಗಿಡ್ಡ. ಕ್ಲಬ್ಬಿನ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಾತ್ರ; 20 ಬೋರ್ ಇದಕ್ಕಿಂತ ಸಣ್ಣದು) ಕೋವಿ ಹಿಡಿದರೆ ಅಣ್ಣನ ಅಂಗಿ ತೊಟ್ಟ ಹಾಗಾಗುತ್ತದೆ. ಕೋವಿಯ ಕುದುರೆಯಿಂದ (ಟ್ರಿಗರ್) ಸ್ಟಾಕಿನ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗದ, ತುದಿಗೆ ಸುಮಾರು 14.5 ಇಂಚು. ಭುಜಕ್ಕೆ ಏರಿಸುವಾಗ ಸ್ಟಾಕ್ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಕೆನ್ನೆ ಸರಿಯಾಗಿ ಕೂರುವುದಿಲ್ಲ. ಮುಂಭಾರ ಬೇರೆ, ಎಡಗೈ ಬೇಗ ಸೋಲುತ್ತದೆ.

ಹಗುರವಾದ 20 ಬೋರ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತೋಟಾದ ಬಲ ಅಷ್ಟೇ ಇದ್ದರೆ ಹಗುರ ಕೋವಿಯೇ ಜಾಸ್ತಿ ಒದೆಯುವುದು, ಅಲ್ವಾ? ಹಾಗಾಗಿ ಸುಮ್ನೆ ತೂಕ ನೋಡಿ ಕೊಳ್ಳಲು ಮನಸ್ಸಿಲ್ಲ. ಗ್ಯಾಸ್‌ನಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ (ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಕೋವಿ) ಒದೆತವನ್ನು ಮೆತ್ತಗೆ ಮಾಡುತ್ತದೆ. ಅದರಲ್ಲಿ 20 ಬೋರ್ ತಗೊಂಡು 24 ಗ್ರಾಂ ಚರೆಯ ತೋಟಾ ಹಾಕಿದರೆ ಭುಜ ತಡೆಯುತ್ತದಾ?

ಇನ್ನೊಂದು ಪ್ರಶ್ನೆ. ಇರುವ ಸ್ಟಾಕನ್ನೇ 13 ಇಂಚಿಗೆ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿಸಿದರೆ ಸಾಕಾ? ಇಲ್ಲ, ಗಿಡ್ಡ ಸ್ಟಾಕಿನ ಮಾಡೆಲ್ಲೇ ಕೊಳ್ಳಬೇಕಾ? ಉದ್ದ ಕಡಿಮೆಯಾದರೂ ಸ್ಟಾಕಿನಲ್ಲಿ ಕೆನ್ನೆ ಕೂರುವ ಜಾಗದ ಎತ್ತರ ಹೊಂದದಿದ್ದರೆ ಕಣ್ಣು ನಳಿಗೆಯ ಸಾಲಿಗೆ ಬರುವುದಿಲ್ಲ ಅನ್ನುವುದೇ ನನ್ನ ಚಿಂತೆ. ನನ್ನಂಥ ಮೈಕಟ್ಟಿನವರು ಏನು ಬಳಸುತ್ತಿದ್ದೀರಿ, ಅದರ ತೂಕ ಎಷ್ಟು, ದಯವಿಟ್ಟು ತಿಳಿಸಿ. ಬ್ರ್ಯಾಂಡ್ ಜಗಳ ಮಾತ್ರ ಬೇಡ!