ಗೇಟು ಕಿತ್ತವರ ಕಾವಲು

ಬೇಲಿಯಿಲ್ಲದೆ ಗಡಿ ಕಾಯಲು ಸಾಧ್ಯವೇ ಎಂದು ವಕೀಲರು ಕೇಳಿದ್ದೇ ತಡ, ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿದರು. ಅವರು ಹಾಗೆ ಮಾಡಿದರೆಂದರೆ ಅರ್ಧ ಗಂಟೆ ಯಾರಿಗೂ ಬಿಡುಗಡೆಯಿಲ್ಲ.

“1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿದ್ದ ಹಡಗೊಂದರಲ್ಲಿ ಕುಳಿತು, ಫ್ರಾನ್ಸ್, ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ದೇಶಗಳು ತಮ್ಮ ನಡುವಿನ ತಪಾಸಣೆಯನ್ನು ಹಂತಹಂತವಾಗಿ ಕೈಬಿಡಲು ಒಪ್ಪಿ ಸಹಿ ಹಾಕಿದವು. ಗಡಿ ನಿಜವಾಗಿ ತೆರೆದದ್ದು ಮಾತ್ರ 1995ರ ಮಾರ್ಚಿನಲ್ಲಿ.”

“ಗೇಟು ತೆಗೆಯಲು ಹತ್ತು ವರ್ಷವೇ? ಬೀಗದ ಕೈ ಕಳೆದಿತ್ತೇನು?” ಎಂದೆ.

“ಕಳೆದದ್ದಲ್ಲ, ಹುಟ್ಟಿಯೇ ಇರಲಿಲ್ಲ. ಕೂಡು ಕುಟುಂಬದಲ್ಲಿ ಕೋಣೆಗಳ ಬಾಗಿಲನ್ನೆಲ್ಲ ಕಿತ್ತ ಮೇಲೆ ತಲೆಬಾಗಿಲ ಅಗುಳಿ ಎಲ್ಲರ ಚಿಂತೆಯಾಗುತ್ತದೆ; ಜಗುಲಿಯಲ್ಲಿ ಮಲಗಿದವನಿಗೆ ನಿದ್ದೆ ಬಂದರೆ ಒಳಗಿನವರಿಗೆ ನಿದ್ದೆ ಹಾರುತ್ತದೆ. ಅದಕ್ಕೇ ಒಂದೇ ಬಗೆಯ ವೀಸಾ, ಪೊಲೀಸರಿಗೆ ಬೇಕಾದವರ ಹೆಸರುಗಳಿಗೆ ಒಂದೇ ಕಂಪ್ಯೂಟರ್ ವ್ಯವಸ್ಥೆ, ಹೊರಗಡಿಗೆ ಒಂದೇ ನಿಯಮ, ಇಷ್ಟನ್ನೂ ಮೊದಲು ಕಟ್ಟಬೇಕಾಯಿತು.”

“ಕಳ್ಳನೂ ಸರಾಗವಾಗಿ ದಾಟುತ್ತಾನಲ್ಲ?”

ಈ ಪ್ರಶ್ನೆಗೆ ಕಾದಿದ್ದವರಂತೆ ವಕೀಲರು ಎದೆ ಸೆಟೆಸಿದರು. “ಆ ಷೆಂಗೆನ್ ಒಪ್ಪಂದವನ್ನು ಜಾರಿಗೆ ತರಲು ಮಾಡಿಕೊಂಡ 1990ರ ಒಡಂಬಡಿಕೆಯ 41ನೇ ವಿಧಿ ನೋಡಿ. ಗಂಭೀರ ಅಪರಾಧಿಯನ್ನು ಬೆನ್ನಟ್ಟಿದ ಪೊಲೀಸರು ಮುಂಚಿತ ಅನುಮತಿಯಿಲ್ಲದೆಯೂ ಗಡಿ ದಾಟಬಹುದು. ಆದರೆ ನೆಲದ ಗಡಿಯನ್ನು ಮಾತ್ರ, ಅದೂ ಸಮವಸ್ತ್ರವೋ ತೋಳಪಟ್ಟಿಯೋ ಗುರುತಿನ ವಾಹನವೋ ಇದ್ದರೆ. ಅಲ್ಲಿನ ಅಧಿಕಾರಿಗಳು ‘ಸಾಕು, ನಿಲ್ಲಿ’ ಎಂದರೆ ನಿಲ್ಲಬೇಕು. ಖಾಸಗಿ ಮನೆಯೊಳಗೆ ಕಾಲಿಡುವಂತಿಲ್ಲ.”

“ಎಂದರೆ, ಕಳ್ಳನು ಮನೆಯೊಂದಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡರೆ, ಇಷ್ಟು ದೂರ ಏದುಸಿರು ಬಿಡುತ್ತಾ ಓಡಿಬಂದ ಪೊಲೀಸರು ಹೊಸಿಲಾಚೆ ನೆಂಟರಂತೆ ಕಾಯಬೇಕೇ?”

“ಕರೆಯದೆ ಬಂದ ನೆಂಟರಂತೆ,” ಎಂದು ಮೇಷ್ಟ್ರು ತಿದ್ದಿದರು. “ಸ್ಥಳೀಯ ಪೊಲೀಸರು ಬರುವವರೆಗೆ.”

ನಗು ತಗ್ಗಿದ ಮೇಲೆ ನಾನು ಹೇಳಿದೆ: “ಇಷ್ಟೆಲ್ಲ ನಂಬಿಕೆಯ ಮಾತಾಡುವವರು ಭಯ ಬಂದೊಡನೆ ಗೇಟನ್ನು ಅಟ್ಟದಿಂದ ಇಳಿಸುತ್ತಾರೆ. ಫ್ರಾನ್ಸ್ 2015ರ ನವೆಂಬರಿನಲ್ಲಿ ಮತ್ತೆ ತಪಾಸಣೆ ಶುರುಮಾಡಿ ಅದನ್ನು ನವೀಕರಿಸುತ್ತಲೇ ಬಂದಿತು. ಜರ್ಮನಿಯು 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ನೆಲಗಡಿಗಳಲ್ಲೂ ಆರಂಭಿಸಿತು. ಬಲ್ಗೇರಿಯ, ರೊಮೇನಿಯಗಳ ನೆಲಗಡಿ ತೆರೆದು ಈ ಷೆಂಗೆನ್ ಕೂಟ ಪೂರ್ಣವಾಗಿ 29 ದೇಶಗಳದ್ದಾದ 2025ರ ಜನವರಿಯಲ್ಲೂ ಹಳೆಯ ಸದಸ್ಯ ದೇಶಗಳ ತಪಾಸಣೆ ನಡೆದೇ ಇತ್ತು.”

“ಅದು ತಾತ್ಕಾಲಿಕ ಕ್ರಮವಷ್ಟೇ,” ಎಂದು ಮೇಷ್ಟ್ರು ಸಮರ್ಥಿಸಿಕೊಂಡರು.

ವಕೀಲರು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಎದ್ದರು. “ತಾತ್ಕಾಲಿಕವೇ? ನಾಳೆ ನನಗೆ ಅಂಥದ್ದೇ ಒಂದು ತಡೆಯಾಜ್ಞೆಯ ವಿಚಾರಣೆಯಿದೆ. ಅದನ್ನು ತಂದವರು ನನ್ನ ಕಕ್ಷಿದಾರರ ತಾತ.”